ವೀಣೆಗಾಗಿ ಕೊಂಡ ಕಾರು
(ಬಾನುಲಿ ಭಾಷಣ)

ಕಾರಿನ ವಿಷಯವಾಗಿ ಮಾತನಾಡುವವನು ಮೊದಲು ಅದರ ಹೆಸರನ್ನು ಹೇಳುವುದು ನ್ಯಾಯ. ನಾನು ಹೇಳುವುದಿಲ್ಲ. ಬಾನುಲಿಯಲ್ಲಿ ಕುಳಿತು ವ್ಯಾಪಾರದ ಹೆಸರನ್ನು ಎತ್ತಿ ಆಡುವುದಕ್ಕೆ ಸಂಕೋಚ. ಅಲ್ಲದೆ, ನನ್ನ ಮಾತಿನಲ್ಲಿ ದೂರಿನ ಧ್ವನಿಯೂ ಅಲ್ಲಲ್ಲಿ ಕೇಳಿಸಬಹುದು. ತಮ್ಮ ಪಕ್ಷವನ್ನು ಹೇಳಿಕೊಳ್ಳಲು ಇಲ್ಲಿ ಇಲ್ಲದವರ ಮೇಲೆ ಅದನ್ನು ಹೊರಿಸುವುದು ಸರಿಯಲ್ಲ. ಚರಿತ್ರೆಗೆ ಸೇರಿಹೋದ ಹೆಸರುಗಳ ಮಾತು ಬೇರೆ. ಅವು ನಡುವೆ ಬಂದಾವು. ನನ್ನ ಕಾರು ಇಟಲಿಯದು, 2001ರಲ್ಲಿ ತಯಾರಾದದ್ದು, 2008ರ ವಸಂತದಲ್ಲಿ ಇಂಗ್ಲೆಂಡಿನ ಕೊವೆಂಟ್ರಿ ನಗರದಲ್ಲಿ ನಾನು ಅದರ ಮೂರನೆಯ ಒಡೆಯನಾದೆ ಎಂದರೆ ಸದ್ಯಕ್ಕೆ ಸಾಕು.

ಕೊವೆಂಟ್ರಿ ಎಂದರೆ 1896ರಲ್ಲಿ ಡೈಮ್ಲರ್ ಕಂಪನಿ ಬಂದು ನೆಲೆಯೂರಿದ ಮೇಲೆ ಇಂಗ್ಲೆಂಡಿನ ಮೋಟಾರು ಕಸುಬಿಗೆ ತವರೆನಿಸಿಕೊಂಡ ಊರು. ಅಂತಹ ಊರಿನಲ್ಲಿದ್ದುಕೊಂಡು ಇಟಲಿಯ ಹಳೆಯ ಕಾರಿಗೆ ಮನಸೋಲುವುದು, ಇಳಕಲ್ಲಿನಲ್ಲಿ ಮನೆ ಮಾಡಿಕೊಂಡವರು ಬನಾರಸಿನಿಂದ ಸೀರೆ ತರಿಸಿದ ಹಾಗೆ. ಆದರೆ ನಮಗೆ ಕಾರು ಬೇಕಾದದ್ದು ಮೋಹಕ್ಕಲ್ಲ, ವೀಣೆಗೆ. ನನ್ನ ಪತ್ನಿ ಮೈಸೂರಿನಲ್ಲಿ ವೀಣೆ ಕಲಿತವಳು. ಹಲಸಿನ ಮರದಲ್ಲಿ ಮಾಡಿಸಿದ ವೀಣೆಯನ್ನು ವಿಮಾನದಲ್ಲಿ ಜತೆಗೆ ತಂದಿದ್ದಳು. ಸುತ್ತಲಿನ ಊರುಗಳಲ್ಲಿ ಕನ್ನಡಿಗರ, ತಮಿಳರ ಕೂಟಗಳು ನಡೆದಾಗ ಅವಳಿಗೆ ಕರೆ ಬರುತ್ತಿತ್ತು. ನಾಲ್ಕಡಿಗೂ ಮಿಕ್ಕಿದ ಆ ವಾದ್ಯವನ್ನು, ಇನ್ನೂ ಅರ್ಧ ಅಡಿ ಹೆಚ್ಚಿನ ಅದರ ಪೆಟ್ಟಿಗೆಯಲ್ಲಿಟ್ಟು ರೈಲಿನಲ್ಲಿ ಕೊಂಡೊಯ್ಯುವುದು ಒಂದು ಶಿಶುವನ್ನೂ ಒಂದು ಏಣಿಯನ್ನೂ ಒಟ್ಟಿಗೆ ಹೊತ್ತು ನಡೆದಂತೆ. ಅದಕ್ಕಾಗಿ ಎಸ್ಟೇಟ್ ಕಾರೊಂದನ್ನು ಕೊಳ್ಳುವುದೆಂದು ತೀರ್ಮಾನವಾಯಿತು.

ಎಸ್ಟೇಟ್ ಎಂಬ ಈ ಜಾತಿಯ ಕಾರು ನಮ್ಮ ನಾಡಿನಲ್ಲಿ ಅಷ್ಟಾಗಿ ಬೇರೂರಲಿಲ್ಲ. ಸಾಧಾರಣ ಕಾರಿನ ಛಾವಣಿಯನ್ನು ಹಿಂದಿನ ತುದಿಯವರೆಗೂ ಎಳೆದು, ಡಿಕ್ಕಿಯನ್ನೂ ಕೂರುವ ಜಾಗವನ್ನೂ ಒಂದೇ ಕೋಣೆ ಮಾಡಿ, ಹಿಂಬದಿಗೆ ಮೇಲಕ್ಕೆ ತೆರೆಯುವ ದೊಡ್ಡ ಬಾಗಿಲಿಟ್ಟರೆ ಅದು ಎಸ್ಟೇಟ್. ಒಂದೇ ವಸ್ತುವಿಗೆ ಮೂರು ದೇಶದವರು ಇಟ್ಟ ಹೆಸರುಗಳು ಗಮನಿಸತಕ್ಕವು. ಇಂಗ್ಲೆಂಡಿನಲ್ಲಿ ಅದು ಜಮೀನುದಾರರ ಎಸ್ಟೇಟುಗಳಲ್ಲಿ ಬೇಟೆನಾಯಿ, ಬಂದೂಕುಗಳನ್ನು ಹೊರುತ್ತಿತ್ತು. ಅಮೆರಿಕದಲ್ಲಿ ರೈಲು ಸ್ಟೇಷನ್ನಿನಿಂದ ಪ್ರಯಾಣಿಕರ ಪೆಟ್ಟಿಗೆಗಳನ್ನು ತರುತ್ತಿದ್ದುದರಿಂದ ಸ್ಟೇಷನ್ ವ್ಯಾಗನ್ ಆಯಿತು. ಇಟಲಿಯವರು ಅದನ್ನು ಸಂಸಾರದ ಬಂಡಿ ಎಂಬ ಅರ್ಥದಲ್ಲಿ ‘ಫಾಮಿಲಿಯಾರೆ’ ಎಂದರು, ತೋಟದ ಬಂಡಿ ಎಂಬ ಅರ್ಥದಲ್ಲಿ ‘ಜಾರ್ದಿನಿಯೆರಾ’ ಎಂದೂ ಕರೆದರು. ಬಗೆಬಗೆಯ ತರಕಾರಿಗಳನ್ನು ವಿನೆಗರಿನಲ್ಲಿ ನೆನೆಹಾಕಿದ ಅವರ ಉಪ್ಪಿನಕಾಯಿಗೂ ಅದೇ ಹೆಸರು. 1960ರಲ್ಲಿ ಬಂದ ಫಿಯೆಟ್ 500 ಜಾರ್ದಿನಿಯೆರಾ ಹೆಸರಿಗೆ ತಕ್ಕ ಕಾರೇ ಆಗಿತ್ತು. ಹಿಂಬದಿಯಲ್ಲಿದ್ದ ಪುಟ್ಟ ಎಂಜಿನ್ನನ್ನು ಮಗ್ಗುಲಿಗೆ ಮಲಗಿಸಿ, ಅದರ ಮೇಲೆ ಸಮತಟ್ಟಾದ ಹಲಗೆ ಹಾಸಿ, ಸಾಮಾನಿಗೆ ಜಾಗ ಮಾಡಿದ್ದರು. ನೋಡಲು ಬಡಪಾಯಿ, ಆದರೆ ಯೋಚಿಸಿದವನ ಜಾಣ್ಮೆ ಎದ್ದು ಕಾಣುತ್ತದೆ.

ಆ ಜಾಣ್ಮೆಯ ಪಕ್ಕದಲ್ಲೇ ಇಟಲಿಯಲ್ಲಿ ಇನ್ನೊಂದು ಪರಂಪರೆ ಬೆಳೆದುಬಂದಿತ್ತು. ಮಿಲಾನಿನಲ್ಲಿ 1926ರಲ್ಲಿ ಹುಟ್ಟಿದ ಟೂರಿಂಗ್, ಟೂರಿನ್ನಿನಲ್ಲಿ 1930ರಲ್ಲಿ ಬತಿಸ್ತಾ ಫಾರಿನಾ ಕಟ್ಟಿದ ಸಂಸ್ಥೆ, ಇವರೆಲ್ಲ ಕಾರಿನ ಮೈ ಕಟ್ಟುವ ಕುಶಲಿಗಳು. ನಮ್ಮ ಕಂಚುಗಾರರು ಹಂಡೆ ಬಡಿಯುವಂತೆ ಲೋಹದ ತಗಡನ್ನು ಮರದ ಅಚ್ಚಿಗೆ ಹೊಂದಿಸಿ, ಸುತ್ತಿಗೆಯಿಂದ ಬಡಿದು ಬಡಿದು ಬಾಗು ತರುತ್ತಿದ್ದರು. ಫಾರಿನಾ ಅವರಿಗೆ ‘ಪಿನಿನ್’, ಎಂದರೆ ‘ಪುಟ್ಟ’, ಎಂಬ ಅಡ್ಡಹೆಸರಿತ್ತು; 1961ರಲ್ಲಿ ಆ ಅಡ್ಡಹೆಸರೂ ಮನೆಹೆಸರೂ ಒಂದಾಗಿ ಸರಕಾರದ ಒಪ್ಪಿಗೆಯಿಂದಲೇ ಪಿನಿನ್‌ಫಾರಿನಾ ಆಯಿತು. ಅವರು ರೂಪಿಸಿದ ಚಿಸಿತಾಲಿಯಾ 202 ಎಂಬ ಕಾರನ್ನು 1951ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದವರು ಪ್ರದರ್ಶನಕ್ಕಿಟ್ಟು ತೋರಿಸಿದರು. ಈ ಕಸುಬಿನ ನೆರಳು ನಮ್ಮವರೆಗೂ ಚಾಚಿದೆ. ಮೈಸೂರಿನಲ್ಲಿ ನಮ್ಮ ಸೋದರಮಾವನ ಮನೆಯ ಮುಂದೆ ನಿಲ್ಲುತ್ತಿದ್ದ ಫಿಯೆಟ್ಟು, ಮುಂಬಯಿಯ ಕುರ್ಲಾದಲ್ಲಿ ತಯಾರಾಗಿ 1974ರಿಂದ ಪದ್ಮಿನಿ ಎನಿಸಿಕೊಂಡ ಅದೇ ಕಾರು, ಮೂಲತಃ ಟೂರಿನ್ನಿನದು. 1998ರ ಟಾಟಾ ಇಂಡಿಕಾದ ರೂಪವನ್ನು ತಿದ್ದಿಕೊಟ್ಟ ಸಂಸ್ಥೆಯೂ ಟೂರಿನ್ನಿನದೇ.

ಈ ಎರಡು ಪರಂಪರೆಗಳಿಗೆ ಮದುವೆ ಮಾಡಿಸಿದರೆ ಹುಟ್ಟುವುದು ಸ್ಪೋರ್ಟ್ಸ್ ಎಸ್ಟೇಟ್: ಹೊರೆಯನ್ನೂ ಹೊರಬೇಕು, ಓಟದ ಕುದುರೆಯಂತೆಯೂ ಕಾಣಬೇಕು. ಲಾನ್ಚಿಯಾ ಕಂಪನಿ 1975ರಲ್ಲಿ ಬೀಟಾ ಎಂಬ ತನ್ನ ಕಾರಿಗೆ ಇಂತಹ ರೂಪವೊಂದನ್ನು ಕೊಟ್ಟು ಎಚ್.ಪಿ.ಇ. ಎಂದು ಹೆಸರಿಟ್ಟಿತು. ಬಿಡಿಸಿ ಹೇಳಿದರೆ ಹೈ ಪರ್ಫಾರ್ಮೆನ್ಸ್ ಎಸ್ಟೇಟ್. ಇಟಲಿಯವರು ಇಂಗ್ಲಿಷಿನಲ್ಲಿ ಇಟ್ಟ ಹೆಸರು. ಮೋಹಕವಾದ ವಸ್ತು. ಆದರೆ 1980ರಲ್ಲಿ ಬೀಟಾ ವರ್ಗದ ಹಳೆಯ ಸೆಡಾನುಗಳ ಅಡಿಚೌಕಟ್ಟು ಬ್ರಿಟನ್ನಿನಲ್ಲಿ ತುಕ್ಕು ಹಿಡಿದು ಶಿಥಿಲವಾದದ್ದು ಬಯಲಾಗಿ, ಪತ್ರಿಕೆಗಳಲ್ಲಿ ದೊಡ್ಡ ಗುಲ್ಲೆದ್ದಿತು. ಕಂಪನಿಯೇ ಅನೇಕ ಕಾರುಗಳನ್ನು ಮರಳಿ ಕೊಂಡು ಗುಜರಿಗೆ ಹಾಕಿಸಬೇಕಾಯಿತು. ಆ ಕಳಂಕ ಇಡೀ ಹೆಸರಿಗೆ ಅಂಟಿತು. 1994ರಲ್ಲಿ ಲಾನ್ಚಿಯಾ ಬ್ರಿಟನ್ನಿನ ಮಾರುಕಟ್ಟೆಯನ್ನೇ ಬಿಟ್ಟಿತು. ಇದೆಲ್ಲವನ್ನೂ ನಾನು ಕಾರು ಕೊಳ್ಳುವ ಮೊದಲೇ ಓದಿ ತಿಳಿದಿದ್ದೆ. ತಿಳಿವಳಿಕೆಗೂ ನಡವಳಿಕೆಗೂ ಇರುವ ದೂರವನ್ನು ಕೇಳುಗರಿಗೆ ನಾನು ವಿವರಿಸಬೇಕಾಗಿಲ್ಲ.

ಒಂದು ಶನಿವಾರ ಮಧ್ಯಾಹ್ನ ಆ ಕಾರನ್ನು ಕಂಡೆ. ಇಳಿಜಾರು ಬೀದಿಯೊಂದರಲ್ಲಿ ನಿಂತಿತ್ತು, ಕಡು ನೀಲಿ. ಮುಂದಿನ ದೀಪದಿಂದ ಹೊರಟ ಒಂದು ಗೆರೆ ಭುಜದ ಮೇಲೆ ಹಾದು, ಬಾಗಿಲುಗಳನ್ನು ಸವರಿ, ಹಿಂದಿನ ದೀಪದಲ್ಲಿ ಹೋಗಿ ಅಡಗುತ್ತಿತ್ತು. ಛಾವಣಿ ಹಿಂದೆ ಹೋದಂತೆ ಸ್ವಲ್ಪ ಸ್ವಲ್ಪವೇ ತಗ್ಗುತ್ತಿತ್ತು. ಹೊಸದಾಗಿ ಕೊಂಡವನು ಕೊಟ್ಟ ಬೆಲೆಯ ಹತ್ತನೆಯ ಒಂದು ಪಾಲಿಗೆ, ಎರಡು ಸಾವಿರ ಪೌಂಡಿಗೆ, ಅದು ಸಿಗುತ್ತಿತ್ತು. ಏಳು ವರ್ಷಗಳಲ್ಲಿ ಬೆಲೆ ಹಾಗೆ ಕುಸಿಯಬೇಕಾದರೆ ಕಾರಣವಿರಬೇಕು ಎಂದು ಕೇಳಿಕೊಳ್ಳುವ ಬದಲು, ಲೋಕಕ್ಕೆ ಕಣ್ಣಿಲ್ಲ ಎಂದುಕೊಂಡೆ.

ಕೊಳ್ಳುವ ಮೊದಲು ನಮಗೆ ಪರಿಚಯವಿದ್ದ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆ. ಪಂಜಾಬಿನವರು, ಮುಚ್ಚಿಹೋದ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷ ದುಡಿದು ಸ್ವಂತ ಗ್ಯಾರೇಜು ಹಾಕಿದ್ದವರು. ಸರ್ದಾರ್ಜಿ ಕಾರನ್ನು ಮೇಲಕ್ಕೆತ್ತಿ ಅಡಿಯಲ್ಲಿ ದೀಪ ಹಿಡಿದು ಅರ್ಧ ಗಂಟೆ ನೋಡಿದರು. “ಪ್ರೊಫೆಸರ್ ಸಾಹೇಬ್, ಕೊಳ್ಳಬೇಡಿ ಎಂದರೆ ನೀವು ಕೇಳುವ ಹಾಗೆ ಕಾಣಲಿಲ್ಲ. ಆದ್ದರಿಂದ ಒಂದೇ ಮಾತು. ಟೈಮಿಂಗ್ ಬೆಲ್ಟ್ ಬದಲಾಯಿಸಿದ ರಸೀತಿ ಇವರಲ್ಲಿ ಇಲ್ಲ. ಅದನ್ನು ಮೊದಲು ಮಾಡಿಸಿ. ನಾನೂರು ಪೌಂಡ್ ಆಗುತ್ತದೆ” ಎಂದರು. ಆಗಲಿ ಎಂದೆ.

ಆ ಕಾರನ್ನು ಓಡಿಸುವ ಸುಖವನ್ನು ಸುಳ್ಳೆಂದು ಈಗ ಹೇಳಲಾರೆ. ಚಕ್ರವನ್ನು ಬೆರಳಷ್ಟು ತಿರುಗಿಸಿದರೆ ಮೂತಿ ಅಷ್ಟೇ ತಿರುಗುತ್ತಿತ್ತು. ವಾರ್ವಿಕ್‌ಷೈರಿನ ಬೇಲಿಸಾಲಿನ ಕಿರುದಾರಿಗಳಲ್ಲಿ, ಬೇಸಿಗೆಯ ಸಂಜೆ ಒಂಬತ್ತಕ್ಕೂ ಬೆಳಕಿರುವ ಹೊತ್ತಿನಲ್ಲಿ, ಯಾವ ಕೆಲಸವೂ ಇಲ್ಲದೆ ಹತ್ತು ಮೈಲಿ ಹೋಗಿ ಬರುತ್ತಿದ್ದೆ. ಎಂಜಿನ್ನಿನ ದನಿ ಮೂರು ಸಾವಿರ ಸುತ್ತಿನ ಮೇಲೆ ಗಂಟಲು ಸರಿಪಡಿಸಿಕೊಂಡು ಹಾಡತೊಡಗುತ್ತಿತ್ತು. ನಿಲ್ಲಿಸಿ ಇಳಿದು ನಾಲ್ಕು ಹೆಜ್ಜೆ ನಡೆದವನು ಹಿಂದಿರುಗಿ ನೋಡದೆ ಇರುತ್ತಿರಲಿಲ್ಲ.

ಆದರೆ ಅದರಲ್ಲಿ ಕೂರುವವರ ಪಾಡು ಬೇರೆ. ನಾಲ್ಕು ಬಾಗಿಲಿನ ಕಾರು ಎರಡು ಬಾಗಿಲಿನದರಂತೆ ಕಾಣಬೇಕೆಂದು ಹಿಂದಿನ ಬಾಗಿಲಿನ ಹಿಡಿಕೆಯನ್ನು ಕಿಟಕಿಯ ಕಪ್ಪು ಮೂಲೆಯಲ್ಲಿ ಬಚ್ಚಿಟ್ಟಿದ್ದರು. ಮನೆಗೆ ಬಂದ ಅತಿಥಿಗಳು ಬಾಗಿಲ ಮುಂದೆ ನಿಂತು, ಅದನ್ನು ತಡವಿ, ಕೊನೆಗೆ ನನ್ನ ಮುಖ ನೋಡುತ್ತಿದ್ದರು. ಅದನ್ನು ತೋರಿಸಿಕೊಡುವುದು ನನಗೊಂದು ಹೆಮ್ಮೆ. ಮಳೆ ಸುರಿಯುವಾಗ ಅವರಿಗೆ ಅಷ್ಟು ಹೆಮ್ಮೆಯೆನಿಸುತ್ತಿರಲಿಲ್ಲ. ಇನ್ನು ಸಾಮಾನಿನ ಜಾಗ. ಹಿಂಬದಿಯ ಗಾಜು ಅಂದವಾಗಿ ಮುಂದಕ್ಕೆ ವಾಲಿಕೊಂಡಿದ್ದುದರಿಂದ, ಚಕ್ರದ ಗೂಡುಗಳು ಎರಡೂ ಕಡೆಯಿಂದ ಒಳಕ್ಕೆ ಉಬ್ಬಿದ್ದುದರಿಂದ, ಅದೇ ಮಾದರಿಯ ಸೆಡಾನಿನ ಡಿಕ್ಕಿಗಿಂತ ಈ ಎಸ್ಟೇಟಿನಲ್ಲಿ ಜಾಗ ಸ್ವಲ್ಪ ಕಡಿಮೆಯೇ ಇದ್ದಿತು! ಮೊದಲ ದಿನ ವೀಣೆಯ ಪೆಟ್ಟಿಗೆಯನ್ನು ಉದ್ದಕ್ಕೆ ಇಟ್ಟೆವು, ಹಿಡಿಸಲಿಲ್ಲ. ಅಡ್ಡಕ್ಕೆ ಇಟ್ಟೆವು, ಹಿಡಿಸಲಿಲ್ಲ. ಹಿಂದಿನ ಸೀಟಿನ ಒಂದು ಬೆನ್ನನ್ನು ಮಡಿಸಿ ಮೂಲೆಯಿಂದ ಮೂಲೆಗೆ ಓರೆಯಾಗಿ ತೂರಿಸಿದಾಗ ಬಾಗಿಲು ಮುಚ್ಚಿಕೊಂಡಿತು. “ಹಿಡಿಸಿತಲ್ಲ” ಎಂದೆ ನಾನು. “ವೀಣೆಗೆ ಕಾರು ಕೊಂಡಿರೋ, ಕಾರಿಗೆ ವೀಣೆಯೋ?” ಎಂದಳು ಅವಳು.

ಚಳಿಗಾಲ ಬಂದಾಗ ಅಲ್ಲಿನ ರಸ್ತೆಗಳಿಗೆ ಹಿಮಗಟ್ಟದಂತೆ ಉಪ್ಪು ಚೆಲ್ಲುತ್ತಾರೆ. ಆ ಉಪ್ಪುನೀರು ಕಾರಿನ ಅಡಿಯ ಕೀಲುಗಳಿಗೆ ಇಳಿಯುತ್ತದೆ. ನನ್ನ ಕಾರು ಪ್ರತಿ ಉಬ್ಬಿನ ಮೇಲೆ ಗುಬ್ಬಿಯಂತೆ ಚೀರತೊಡಗಿತು. ಮೂರು ವರ್ಷ ದಾಟಿದ ಕಾರುಗಳಿಗೆಲ್ಲ ಬ್ರಿಟನ್ನಿನಲ್ಲಿ ವರ್ಷಕ್ಕೊಮ್ಮೆ ಎಂ.ಒ.ಟಿ. ಎಂಬ ಪರೀಕ್ಷೆಯುಂಟು, ಬ್ರೇಕು, ದೀಪ, ತುಕ್ಕು, ಹೊಗೆ ಎಲ್ಲವನ್ನೂ ನೋಡುತ್ತಾರೆ. ಮೊದಲ ಪರೀಕ್ಷೆಯಲ್ಲಿ ನಮ್ಮದು ಅನುತ್ತೀರ್ಣವಾಯಿತು. ಮುಂದಿನ ತೋಳುಗಳ ಕೀಲಿಗೆ ಇನ್ನೂರೈವತ್ತು ಪೌಂಡು ತೆತ್ತೆ. ಬೆಲ್ಟಿನ ನಾನೂರು ಮುಂದಿನ ತಿಂಗಳಿಗೆ ಹೋಯಿತು. ಮುಂದಿನ ತಿಂಗಳು, ಚಕ್ರಗಳ ಅಂಚು ಗೀರಾಗಿದ್ದುದು ನೋಡಲಾಗದೆ, ನಾಲ್ಕನ್ನೂ ಹೊಳಪು ಕೊಡಿಸಿದೆ. ಸೀಟಿನ ತೊಗಲಿಗೆ ಬಣ್ಣ ಹಾಕಿಸಿದೆ. ಎಲ್ಲ ಸೇರಿ ಮುನ್ನೂರ ಎಂಬತ್ತು ಪೌಂಡು. ಈ ಅಂಕಿಯನ್ನು ಇಷ್ಟು ವರ್ಷಗಳಾದರೂ ನಾನು ಮರೆತಿಲ್ಲ.

ಟೈಮಿಂಗ್ ಬೆಲ್ಟ್ ಎಂದರೇನು ಎಂಬುದನ್ನು ಇಲ್ಲಿ ಹೇಳಬೇಕು. ಎಂಜಿನ್ನಿನೊಳಗೆ ಪಿಸ್ಟನ್ನುಗಳು ಮೇಲೆ ಕೆಳಗೆ ಓಡಾಡುತ್ತವೆ. ಅವುಗಳ ನೆತ್ತಿಯ ಮೇಲೆ ಗಾಳಿ ಒಳಬರಲು, ಹೊಗೆ ಹೊರಹೋಗಲು ಕವಾಟಗಳಿವೆ. ಪಿಸ್ಟನ್ ಮೇಲೇರಿ ಬರುವಷ್ಟರಲ್ಲಿ ಕವಾಟ ಮುಚ್ಚಿಕೊಂಡು ದಾರಿ ಬಿಡಬೇಕು. ಎರಡಕ್ಕೂ ತಾಳ ತಪ್ಪದಂತೆ ನೋಡಿಕೊಳ್ಳುವುದು ಹಲ್ಲುಗಳುಳ್ಳ ಒಂದು ರಬ್ಬರಿನ ಪಟ್ಟಿ. ಎಂಜಿನ್ ನಿಮಿಷಕ್ಕೆ 3000 ಸುತ್ತು ಸುತ್ತುತ್ತಿದ್ದರೆ ಪ್ರತಿಯೊಂದು ಕವಾಟವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಪಟ್ಟಿ ಹರಿದರೆ ಕವಾಟಗಳು ಇದ್ದಲ್ಲೇ ನಿಲ್ಲುತ್ತವೆ. ಪಿಸ್ಟನ್ನುಗಳು ಮಾತ್ರ ಬಂದ ವೇಗದಲ್ಲೇ ಬರುತ್ತವೆ. ಇಷ್ಟು ದೊಡ್ಡ ಹೊಣೆ ಹೊತ್ತ ಈ ಪಟ್ಟಿ ಮುಚ್ಚಳದ ಮರೆಯಲ್ಲಿರುತ್ತದೆ. ಅದನ್ನು ಬದಲಾಯಿಸಿದರೆ ಕಾರು ಹಿಂದಿಗಿಂತ ಚೆನ್ನಾಗಿಯೂ ಕಾಣುವುದಿಲ್ಲ, ಜೋರಾಗಿಯೂ ಓಡುವುದಿಲ್ಲ. ನಾನೂರು ಪೌಂಡು ಕೊಟ್ಟದ್ದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿಯೆಂದರೆ ಒಂದು ರಸೀತಿ.

2009ರ ಅಕ್ಟೋಬರಿನಲ್ಲಿ ಒಂದು ದಿನ ಪತ್ನಿ, “ರೀ, ಎಂಜಿನ್ನಿನ ಮೇಲೆ ಇನ್ನೊಂದು ಸ್ವರ ಕೇಳಿಸುತ್ತಿದೆ. ಮೊನ್ನೆಯವರೆಗೆ ಇರಲಿಲ್ಲ” ಎಂದಳು.

“ಚಳಿಗೆ ಹಾಗೆ. ಕಾದ ಮೇಲೆ ಹೋಗುತ್ತದೆ.”

“ಕಾದ ಮೇಲೂ ಹೋಗಲಿಲ್ಲ. ವೇಗ ಏರಿದ ಹಾಗೆ ಅದೂ ಏರುತ್ತದೆ. ಆದರೆ ಶ್ರುತಿಗೆ ಸೇರುವುದಿಲ್ಲ. ಸರ್ದಾರ್ಜಿಯವರಿಗೆ ಒಮ್ಮೆ ಕೇಳಿಸಿ.”

ಕೇಳಿಸುತ್ತೇನೆ ಎಂದೆ. ತಂತಿಯನ್ನು ಎಳ್ಳುಕಾಳಷ್ಟು ಸಡಿಲಿಸಿದರೂ ಅರಿಯುವ ಕಿವಿ ಅದು, ನನಗೆ ಗೊತ್ತಿತ್ತು. ಆದರೂ ಮಾರನೆಯ ದಿನ ಕಾರಿನ ರೇಡಿಯೋವನ್ನು ಸ್ವಲ್ಪ ಜೋರು ಮಾಡಿಕೊಂಡು ಓಡಿಸಿದೆ. ಬಾನುಲಿಯ ಮುಂದೆ ಕುಳಿತು ಇದನ್ನು ಒಪ್ಪಿಕೊಳ್ಳುವಾಗ ತುಸು ನಾಚಿಕೆಯಾಗುತ್ತದೆ.

ನವೆಂಬರಿನ ಒಂದು ಶನಿವಾರ ಲೆಸ್ಟರಿನಲ್ಲಿ ರಾಜ್ಯೋತ್ಸವದ ಕೂಟ. ಅವಳ ವಾದನ ಸಂಜೆ ಆರೂವರೆಗೆ. ಆರು ತಿಂಗಳಿಂದ ಅಭ್ಯಾಸ ನಡೆದಿತ್ತು. ಕೊನೆಗೆ ವೀಣೆ ಶೇಷಣ್ಣನವರ ತಿಲ್ಲಾನವೊಂದನ್ನು ನುಡಿಸುವುದೆಂದು ಇಟ್ಟುಕೊಂಡಿದ್ದಳು. ಮೈಸೂರಿನಲ್ಲಿ ಅವಳಿಗೆ ಪಾಠ ಹೇಳಿದ್ದ ಗುರುಗಳು, ಎಪ್ಪತ್ತೆಂಟರ ವೃದ್ಧರು, ಮಗಳ ಮನೆಗೆಂದು ಲೆಸ್ಟರಿಗೆ ಬಂದಿದ್ದರು. ಅಂದು ಅವರು ಬಂದು ಕೇಳುವವರಿದ್ದರು. ಮುಂದಿನ ಬುಧವಾರ ಊರಿಗೆ ಹೊರಡುವವರಿದ್ದರು. ಕೊವೆಂಟ್ರಿಯಿಂದ ಲೆಸ್ಟರಿಗೆ ಎಂ 69 ಎಂಬ ಹೆದ್ದಾರಿಯಿದೆ. ಮುಕ್ಕಾಲು ಗಂಟೆಯ ದಾರಿ. ಐದಕ್ಕೆ ಹೊರಟೆವು.

ಅರ್ಧ ದಾರಿ ಕಳೆದಿರಬಹುದು. ಕತ್ತಲಾಗಿತ್ತು, ಜಿನುಗುಮಳೆ. ದೊಡ್ಡ ಶಬ್ದವೇನೂ ಆಗಲಿಲ್ಲ. ಗಾಜಿನ ಬಳೆಗಳ ಪೆಟ್ಟಿಗೆ ಮೆಟ್ಟಿಲಿಂದ ಜಾರಿದಂತೆ ಒಂದು ಸಣ್ಣ ಸದ್ದು, ಅನಂತರ ಟೈರುಗಳ ಸದ್ದು ಮಾತ್ರ. ಉಳಿದ ವೇಗದಲ್ಲೇ ಕಾರನ್ನು ಬದಿಗೆ ತಂದು ನಿಲ್ಲಿಸಿದೆ. ಹೆದ್ದಾರಿಯಲ್ಲಿ ಕಾರು ಕೆಟ್ಟರೆ ಒಳಗೆ ಕುಳಿತಿರಬಾರದು, ತಡೆಬೇಲಿಯ ಆಚೆಗೆ ಹೋಗಿ ನಿಲ್ಲಬೇಕು ಎಂಬುದು ಅಲ್ಲಿನ ನಿಯಮ. ಅವಳು ಹಿಂಬಾಗಿಲು ತೆರೆದು ವೀಣೆಯನ್ನು ಇಳಿಸತೊಡಗಿದಳು. ಅದು ಅಲ್ಲೇ ಇರಲಿ ಎಂದೆ. “ಲಾರಿ ಬಂದು ಗುದ್ದಿದರೆ?” ಎಂದಳು. ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲುಗಳೂ ನಿಂತಿರುವುದು ಮೇಣದ ಮೇಲೆ. ಚಳಿಗೆ ಮೇಣ ಬಿರಿಯುತ್ತದೆ. ತಾನು ಹೊದ್ದಿದ್ದ ಶಾಲನ್ನು ತೆಗೆದು ಪೆಟ್ಟಿಗೆಗೆ ಹೊದಿಸಿ, ಒದ್ದೆ ಹುಲ್ಲಿನ ದಂಡೆಯ ಮೇಲೆ ರೇಷ್ಮೆ ಸೀರೆಯಲ್ಲಿ ಕುಳಿತು, ಅದನ್ನು ತೊಡೆಯ ಮೇಲಿಟ್ಟುಕೊಂಡಳು. ನನ್ನ ಕೋಟನ್ನು ಅವಳ ಹೆಗಲಿಗೆ ಹಾಕಿದೆ. ಕೆಳಗೆ ಕಾರು ಅಪಾಯದ ದೀಪ ಮಿನುಗಿಸುತ್ತ ನಿಂತಿತ್ತು. ಆ ಹೊತ್ತಿನಲ್ಲೂ, ಹಾದುಹೋಗುವ ವಾಹನಗಳ ಬೆಳಕು ಅದರ ಭುಜದ ಗೆರೆಯ ಮೇಲೆ ಹರಿದಾಗಲೆಲ್ಲ, ಚೆಂದವಾಗಿಯೇ ಕಾಣುತ್ತಿತ್ತು.

ಎಷ್ಟೋ ಹೊತ್ತಿನ ಮೇಲೆ, “ಗಂಟೆಯೆಷ್ಟು?” ಎಂದು ಕೇಳಿದಳು.

“ಆರೂ ಇಪ್ಪತ್ತು.”

ಅವಳು ಮತ್ತೇನೂ ಹೇಳಲಿಲ್ಲ. ಬೆಲ್ಟಿನ ಮಾತನ್ನು ಎತ್ತಲಿಲ್ಲ. ಎತ್ತಿದ್ದರೆ ನನಗೆ ಉತ್ತರ ಕೊಡುವ ಅವಕಾಶವಾದರೂ ಇರುತ್ತಿತ್ತು. ಎಳೆದೊಯ್ಯುವ ಲಾರಿ ಬಂದಾಗ ಏಳು ಗಂಟೆ. ಕೂಟದವರು ಅವಳ ಹೊತ್ತನ್ನು ಕೀಬೋರ್ಡ್ ನುಡಿಸುವ ಹುಡುಗನೊಬ್ಬನಿಗೆ ಕೊಟ್ಟರೆಂದು ಆಮೇಲೆ ತಿಳಿಯಿತು. ಭಾನುವಾರ ರೈಲಿನಲ್ಲಿ ಹೋಗಿ ಗುರುಗಳ ಕಾಲಿಗೆರಗಿ ಬಂದಳು. ಅವರ ಮಗಳ ಮನೆಯಲ್ಲಿ ಅಂದು ಬೇರೆ ನೆಂಟರಿದ್ದರು, ನುಡಿಸುವ ಪ್ರಸಂಗ ಬರಲಿಲ್ಲವಂತೆ. ಅವರ ಮುಂದೆ ನುಡಿಸುವ ಅವಕಾಶ ಅವಳಿಗೆ ಮತ್ತೆ ಒದಗಲಿಲ್ಲ.

ಸರ್ದಾರ್ಜಿ ಎಂಜಿನ್ ಬಿಚ್ಚಿದರು. ಪಟ್ಟಿಯನ್ನು ಬಿಗಿಯಾಗಿ ಹಿಡಿಯುವ ಸಣ್ಣ ಗಾಲಿಯೊಂದು ಸವೆದು, ಅದೇ ಪಟ್ಟಿಯನ್ನು ತಿಂದುಹಾಕಿತ್ತು. ಅವಳಿಗೆ ಕೇಳಿಸಿದ ಸ್ವರ ಆ ಗಾಲಿಯದು. ಹದಿನಾರು ಕವಾಟಗಳಲ್ಲಿ ಹನ್ನೊಂದು ಬಾಗಿದ್ದುವು. ಒಂದನ್ನು ನನ್ನ ಅಂಗೈಯಲ್ಲಿಟ್ಟರು. ಬಾಡಿದ ಹೂವಿನ ತೊಟ್ಟಿನ ಹಾಗೆ ಕತ್ತು ಬಾಗಿಸಿತ್ತು. ಅವರೂ ಏನೂ ಹೇಳಲಿಲ್ಲ. ಎಂಜಿನ್ ಸರಿಪಡಿಸಲು ಸಾವಿರದ ನಾನೂರು. ಕಾರಿನ ಬೆಲೆ ಸಾವಿರವೂ ಇಲ್ಲ. ಲೆಕ್ಕ ಬಲ್ಲವನು ಅಲ್ಲಿಗೆ ಮುಗಿಸುತ್ತಿದ್ದ. ನಾನು ಗುಜರಿಯಿಂದ ಬೇರೊಂದು ಎಂಜಿನ್ ತರಿಸಿ, ಹೊಸ ಪಟ್ಟಿ, ಹೊಸ ಗಾಲಿಗಳನ್ನು ಹಾಕಿಸಿ, ಎಂಟುನೂರೈವತ್ತು ಪೌಂಡು ಕೊಟ್ಟು ಮನೆಗೆ ತಂದೆ. ಇದನ್ನು ಸಮರ್ಥಿಸಿಕೊಳ್ಳಲು ನನ್ನಲ್ಲಿ ವಾದವಿಲ್ಲ. ಕಾರು ಕೆಟ್ಟಿರಲಿಲ್ಲ, ನಾನು ಕೆಡಿಸಿದ್ದೆ. ಕೆಡಿಸಿದವನು ಅದನ್ನೇ ಗುಜರಿಗೆ ಅಟ್ಟುವುದು ಸರಿಯೆನಿಸಲಿಲ್ಲ.

ಪತ್ನಿ ಆ ಚಳಿಗಾಲದಲ್ಲೇ ಕಾರು ಓಡಿಸುವುದನ್ನು ಕಲಿತಳು. ತನ್ನ ಹಣದಲ್ಲಿ ಹತ್ತು ವರ್ಷ ಹಳೆಯದಾದ ಜಪಾನಿನ ಕಾರೊಂದನ್ನು ಕೊಂಡಳು. ಬಿಸ್ಕತ್ತಿನ ಡಬ್ಬಿಗೆ ಚಕ್ರ ಹಚ್ಚಿದಂತಿತ್ತು. ಬಣ್ಣ ಯಾವುದೆಂದು ಕೇಳಿದರೆ ಈಗ ನನಗೆ ನೆನಪಿಲ್ಲ. ಅದರಲ್ಲಿ ವೀಣೆ ನೇರವಾಗಿ ಮಲಗುತ್ತಿತ್ತು. ಕಚೇರಿಗಳಿಗೆ ನಾನು ಅವಳ ಪಕ್ಕದ ಸೀಟಿನಲ್ಲಿ ಕುಳಿತು ಹೋಗುತ್ತಿದ್ದೆ. ನೀಲಿ ಕಾರಿನಲ್ಲಿ ಅವಳು ವೀಣೆಯನ್ನು ಮತ್ತೊಮ್ಮೆ ಇಡಲಿಲ್ಲ. ತಾನು ಮಾತ್ರ ಕೂರುತ್ತಿದ್ದಳು.

ಅನಂತರ ಎರಡೂವರೆ ವರ್ಷ ಅದು ನನ್ನಲ್ಲಿತ್ತು. ಒಂದು ದಿನವೂ ದಾರಿಯಲ್ಲಿ ನಿಲ್ಲಲಿಲ್ಲ. 2012ರಲ್ಲಿ ನಾವು ಊರಿಗೆ ಮರಳುವುದೆಂದಾದಾಗ ಮಾರಾಟಕ್ಕಿಟ್ಟೆ. ನಾಟಿಂಗ್‌ಹ್ಯಾಮಿನಿಂದ ರೈಲು ಹತ್ತಿ ಇಪ್ಪತ್ತೆರಡರ ಒಬ್ಬ ತರುಣ ಬಂದ. ಬೆಲ್ಟ್ ಬದಲಾಯಿಸಿದ ದಿನಾಂಕ, ಆಗ ಕಾರು ಓಡಿದ್ದ ಮೈಲಿ, ಮುಂದೆ ಬದಲಾಯಿಸಬೇಕಾದ ಮೈಲಿ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು, ಸರ್ದಾರ್ಜಿಯವರ ರಸೀತಿಯ ಜತೆಗೆ ಇಟ್ಟಿದ್ದೆ. ಕೈಪಿಡಿಯಲ್ಲಿ ಅಚ್ಚಾಗಿರುವ ಅಂಕಿಯನ್ನು ನಂಬಬೇಡ, ಅದರ ಅರ್ಧಕ್ಕೇ ಮಾಡಿಸು ಎಂದು ಹೇಳಿದೆ. ಸರಿ, ಸರಿ ಎಂದ. ಅವನ ಅಂಗೈ ಛಾವಣಿಯ ಮೇಲೆ, ಅದು ಹಿಂದಕ್ಕೆ ತಗ್ಗುವ ಕಡೆ, ಮೆಲ್ಲಗೆ ಸರಿಯುತ್ತಿತ್ತು. ಏಳುನೂರು ಪೌಂಡು ಎಣಿಸಿ ಕೊಟ್ಟು ಹೊರಟುಹೋದ.

ಒಳಗೆ ಬಂದಾಗ ಪತ್ನಿ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು.

“ಆ ಹುಡುಗನಿಗೆ ಬೆಲ್ಟಿನ ವಿಷಯ ಹೇಳಿದಿರಾ?”

“ಎರಡು ಸಲ ಹೇಳಿದೆ.”

“ಕೇಳಿಸಿಕೊಂಡನೆ?”

“ಚೀಟಿಯನ್ನು ಜೇಬಿಗೆ ಹಾಕಿಕೊಂಡ” ಎಂದೆ.